ಕ್ಯಾನಿಗೆ ತೂತು ಹಾಕುತ್ತಿದ್ದ ಮೇಸ್ತ್ರಿ

ಶಿಕಾರಿಪುರದ ಮೇಸ್ತ್ರಿ ತೀರಿಕೊಂಡರಂತೆ ಎಂದು ಸೊಸೆ ಫೋನಿನಲ್ಲಿ ಹೇಳಿದಾಗ ನಾನು ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದೆ. ಕಟ್ಟುವುದನ್ನು ಮುಗಿಸಿದೆ, ಕೈ ತೊಳೆದೆ, ಆಮೇಲೆ ಕಟ್ಟೆಯ ಮೇಲೆ ಕೂತೆ. ಅಳು ಬರಲಿಲ್ಲ. ಅವರು ನನ್ನ ನೆಂಟರಲ್ಲ, ನಮ್ಮ ಜಾತಿಯವರಲ್ಲ, ಒಂದು ದಿನವೂ ನಮ್ಮ ಮನೆಯಲ್ಲಿ ಊಟ ಮಾಡಿದವರಲ್ಲ. ನಮ್ಮ ಕಾರಿನ ಆಯಿಲ್ ಬದಲಿಸುತ್ತಿದ್ದವರು. ಆದರೆ ಒಂದು ಸಲ ಅವರ ಮಾನ ನನ್ನ ಒಂದು ಮಾತಿನ ಮೇಲೆ ನಿಂತಿತ್ತು, ನಾನು ಬಾಯಿ ಬಿಡಲಿಲ್ಲ. ಅದನ್ನು ಬಿಟ್ಟು ಅವರ ಒಳ್ಳೆಯತನವನ್ನಷ್ಟೇ ಹೇಳಿದರೆ ಸುಳ್ಳು ಹೇಳಿದ ಹಾಗೆ.

ಸಣ್ಣ ಆಳು. ಬಿಳಿ ಗಡ್ಡ. ಎಡಗೈ ಕಿರುಬೆರಳು ಅರ್ಧವೇ ಇತ್ತು, ಯಾವುದೋ ಇಂಜಿನ್ನಿನ ಬೆಲ್ಟಿಗೆ ಕೊಟ್ಟದ್ದು. ಶಿರಾಳಕೊಪ್ಪದ ರಸ್ತೆಯಲ್ಲಿ ಅವರ ತಗಡಿನ ಶೆಡ್ಡು. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗಿರಾಕಿಗಳನ್ನು ಬೈಯುವುದರಲ್ಲಿ ಅವರು ದೊಡ್ಡವರು ಚಿಕ್ಕವರು ಎಂದು ನೋಡುತ್ತಿರಲಿಲ್ಲ. ಹಳೆ ಆಯಿಲ್ ಕೆಳಗೆ ಇಳಿಯುವಾಗ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ, ನಮ್ಮನ್ನೂ ಮಾತಾಡಲು ಬಿಡುತ್ತಿರಲಿಲ್ಲ. ಧಾರೆ ಹನಿಯಾಗಿ, ಹನಿ ನಿಲ್ಲುವವರೆಗೂ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. ಸಾಕಾಯಿತು ಎಂದು ನಾವು ಎದ್ದರಷ್ಟೇ, "ಕುಂದ್ರಿ. ಹಳೇದು ಒಳಗೆ ಉಳಿದ್ರೆ ಹೊಸದನ್ನೂ ಕೆಡಿಸ್ತೈತಿ" ಎನ್ನುವುದು.

ನಮ್ಮದು ಈಸೂರಿನ ಹತ್ತಿರದ ಹಳ್ಳಿ. ಕುರಿ, ಒಂದಿಷ್ಟು ಮೆಕ್ಕೆಜೋಳ, ಇಷ್ಟೇ ಬದುಕು. ಸೊಸೆ ಓದಿದವಳು. ಸೊರಬದ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮಕ್ಕಳು ತಿಂಡಿಗೆ ಕೂರುವುದರೊಳಗೆ ಅವಳು ಅಲ್ಲಿರಬೇಕು, ಅಷ್ಟು ಹೊತ್ತಿಗೆ ನಮ್ಮೂರಿಂದ ಬಸ್ಸಿಲ್ಲ. ಮಗ ಕುರಿ ಬಿಟ್ಟು ಬರುವವನಲ್ಲ. ಹಾಗಾಗಿ ಯಾರೋ ಓಡಿಸಿ ಬಿಟ್ಟ ಒಂದು ಸಣ್ಣ ಬಿಳಿ ಕಾರು ಮನೆಗೆ ಬಂತು, ಸೊಸೆ ಓಡಿಸುವುದನ್ನು ಕಲಿತಳು. ಮನೆಯ ಖರ್ಚು ನನ್ನ ಕೈಯಲ್ಲಿತ್ತು. ಆಯಿಲ್ ಬದಲಿಸುವ ದಿನ ನಾನೂ ಕಾರಿನಲ್ಲಿ ಕೂತು ಹೊರಡುತ್ತಿದ್ದೆ. ಸೊಸೆಗೆ ಯಾರಾದರೂ ನಯವಾಗಿ ಮಾತಾಡಿ ದುಬಾರಿಯದನ್ನು ಕಟ್ಟಿಬಿಟ್ಟರೆ ಎಂಬ ಅನುಮಾನ ನನಗೆ.

ಮೊದಲನೇ ಸಲ ಹೋದಾಗ ನಾನೇ ಆಯಿಲ್ ತೆಗೆದುಕೊಂಡು ಹೋಗಿದ್ದೆ. ಪಕ್ಕದ ಮನೆಯವರ ಟ್ರ್ಯಾಕ್ಟರಿಗೆ ಹಾಕಿ ಉಳಿದದ್ದು. ಪುಕ್ಕಟೆ ಸಿಕ್ಕಿತ್ತು.

"ಇದನ್ನೇ ಹಾಕ್ರಿ ಮೇಸ್ತ್ರೀ. ನೋಡ್ರಿ, ಎಷ್ಟು ಗಟ್ಟಿ ಐತೆ."

ಅವರು ಮುಚ್ಚಳ ತೆಗೆದು ಮೂಸಿದರು. ಎರಡು ಬೆರಳಿಗೆ ಹಚ್ಚಿ ಉಜ್ಜಿದರು.

"ಅಕ್ಕಾವ್ರೇ, ಬೆಳಗ್ಗೆ ಎದ್ದ ಕೂಡ್ಲೇ ನಿಮ್ಮ ಗಂಟಲಾಗೆ ಗಂಜಿ ಇಳೀತೈತೋ, ಮುದ್ದೆ ಇಳೀತೈತೋ?"

"ಗಂಜಿ."

"ನಿಮ್ಮ ಸೊಸೆ ಕತ್ತಲಿರೋವಾಗ್ಲೇ ಗಾಡಿ ಚಾಲೂ ಮಾಡ್ತಾಳೆ. ಇಂಜಿನ್ ತಣ್ಣಗೆ ಮಲಗಿರ್ತೈತಿ. ಅದರ ಬಾಯಿಗೆ ಮುದ್ದೆ ತುರುಕಾಕೆ ಬಂದೀರಲ್ಲ."

"ಗಟ್ಟಿ ಇದ್ರೆ ಬಾಳ ದಿನ ಬರಲ್ವೇನ್ರೀ?"

"ಆಯಿಲ್ ಬರ್ತೈತಿ. ಇಂಜಿನ್ ಬರಲ್ಲ. ನಿಮಗೆ ಯಾವ್ದು ಬೇಕು?"

ಸೊಸೆ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕಳು. ನನಗೆ ಸಿಟ್ಟು ಬಂತು. ಆದರೆ ಮಾತು ಸರಿಯಾಗಿತ್ತು.

ಆಮೇಲೆ ಅವರು ಕಾರಿನ ಮುಂದಿನ ಖಾನೆ ತೆಗೆಸಿದರು. ಸೊಸೆಯ ಹೇರ್‌ಪಿನ್ನು, ಬಾಚಣಿಗೆ, ಹಳೆ ಚೀಟಿಗಳ ಕೆಳಗೆ ಕಾರಿನ ಜೊತೆ ಬಂದ ಪುಸ್ತಕವಿತ್ತು. ಅದನ್ನು ಯಾರೂ ತೆರೆದಿರಲಿಲ್ಲ, ಹಾಳೆಗಳು ಅಂಟಿಕೊಂಡಿದ್ದವು. ಅದರಲ್ಲಿ ಆಯಿಲಿನ ಪುಟ ಹುಡುಕಿ ಓದಲು ಸೊಸೆಗೆ ಹೇಳಿದರು. ಐದು, ಮೂವತ್ತು ಎಂದು ಎರಡು ನಂಬರು. ಮೊದಲನೆಯದು ತಣ್ಣಗಿರುವಾಗ ಎಷ್ಟು ಬೇಗ ಹರಿಯುತ್ತದೆ ಎಂದು, ಎರಡನೆಯದು ಬಿಸಿಯಾದಾಗ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂದು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಆದರೆ ನಂಬರು ಓದಬಲ್ಲೆ. ಅಂಗಡಿಗೆ ನಾನೇ ಹೋದೆ. ಅದೇ ನಂಬರಿನವು ನಾಲ್ಕು ಬಗೆ ಇದ್ದವು. ಅಂಗಡಿಯವನು ಹೊನ್ನಿನ ಬಣ್ಣದ ಒಂದು ಕ್ಯಾನು ಮುಂದಿಟ್ಟ. ಅದರ ಮೇಲೆ ನೆಲ ಬಿಟ್ಟು ಹಾರುವ ಕೆಂಪು ಕಾರಿನ ಚಿತ್ರ. ಎಲ್ಲಕ್ಕಿಂತ ದುಬಾರಿ, ಎಲ್ಲಕ್ಕಿಂತ ಒಳ್ಳೆಯದು ಎಂದ. ನನಗೆ ಏನೂ ತೋಚದೆ, ಬೇಡವೆಂದರೆ ವಾಪಸ್ ಕೊಡುತ್ತೇನೆ ಎಂದು ಹೇಳಿ ಆ ಕ್ಯಾನನ್ನೇ ಶೆಡ್ಡಿಗೆ ತಂದು ತೋರಿಸಿದೆ.

"ಇದರ ಮೇಲೈತಲ್ಲ, ಆ ಕಾರು ನಿಮ್ದಲ್ಲ. ನಿಮ್ದು ಎಮ್ಮೆ ಅಡ್ಡ ಬಂದ್ರೆ ನಿಲ್ಲೋ ಕಾರು. ವಾಪಸ್ ಕೊಟ್ಟು ಬರ್ರಿ" ಎಂದರು. "ನಂಬರು ಪುಸ್ತಕದಾಗಿದ್ದಂಗೆ ಇರ್ಬೇಕು. ಕೆಳಗೆ ಎರಡು ಇಂಗ್ಲಿಷ್ ಅಕ್ಷರ ಇರ್ತಾವು, ಅವೂ ಪುಸ್ತಕದಾಗಿದ್ದಂಗೆ ಇರ್ಬೇಕು. ಇವೆರಡೂ ಸರಿ ಇದ್ರೆ ಇರೋದ್ರಾಗೆ ಅಗ್ಗದ್ದು ತಗೊಳ್ರಿ. ಚಿತ್ರಕ್ಕೆ ದುಡ್ಡು ಕೊಡಬ್ಯಾಡ್ರಿ. ಒಂದು ಮಾತು, ಆಯಿಲಿನಾಗೆ ಉಳಿಸ್ರಿ, ಹೊತ್ತಿನಾಗೆ ಉಳಿಸಬ್ಯಾಡ್ರಿ. ನಾನು ಹೇಳಿದ ದಿನಕ್ಕೆ ಬದಲಿಸ್ಲೇಬೇಕು."

ಒಬ್ಬ ಮೇಸ್ತ್ರಿ ಅಗ್ಗದ್ದು ತಗೊಳ್ಳಿ ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಂದಿನಿಂದ ಆ ಶೆಡ್ಡು ಬಿಡಲಿಲ್ಲ.

ಅವರ ಹತ್ತಿರ ಹಳೆ ಲಗ್ನಪತ್ರಿಕೆಗಳ ಒಂದು ಕಟ್ಟು ಇರುತ್ತಿತ್ತು. ಇಂಜಿನ್ನಿನ ಅಳತೆಕಡ್ಡಿ ಎಳೆದು, ಒಂದು ಹನಿ ಆಯಿಲನ್ನು ಪತ್ರಿಕೆಯ ಖಾಲಿ ಜಾಗದಲ್ಲಿ ಬಿಟ್ಟು ಕಾಯುತ್ತಿದ್ದರು. ಹನಿ ಸುತ್ತಲೂ ಬಳೆಯ ಹಾಗೆ ತಿಳಿಯಾಗಿ ಹರಡಿದರೆ ಅದಕ್ಕಿನ್ನೂ ಜೀವ ಇದೆ. ಹರಡದೆ ಕಾಡಿಗೆಯ ಹಾಗೆ ಕೂತುಬಿಟ್ಟರೆ ಮುಗಿಯಿತು. "ಯಾರ್ದೋ ಮದುವೆ ಮೇಲೆ ಎಣ್ಣೆ ಬಿಡ್ತೀರಲ್ರೀ" ಎಂದರೆ, "ಅವ್ರಿಗೆ ಮಕ್ಕಳಾಗಿ ಶಾಲಿಗೆ ಹೋಗ್ತಾವು, ಇನ್ನೇನಾಗಲ್ಲ ಬಿಡ್ರಿ" ಎನ್ನುತ್ತಿದ್ದರು.

ಹೊಸ ಕ್ಯಾನಿನ ಮುಚ್ಚಳವನ್ನು ಅವರು ಎಂದೂ ತಾವೇ ತೆಗೆದವರಲ್ಲ. ಗಿರಾಕಿಯ ಕೈಯಲ್ಲೇ ತೆಗೆಸುತ್ತಿದ್ದರು. ತೆಗೆದ ಕೂಡಲೇ ಕ್ಯಾನಿನ ತಳಕ್ಕೆ ಹಸಿರು ಪೇಂಟಿನಲ್ಲಿ ಆ ಗಾಡಿಯ ನಂಬರು ಬರೆಯುವುದು. ಒಬ್ಬರ ಆಯಿಲ್ ಇನ್ನೊಬ್ಬರ ಗಾಡಿಗೆ ಹೋಗಬಾರದು. ಮಿಕ್ಕಿದ್ದನ್ನು ಹಲಗೆಯ ಮೇಲಿಟ್ಟು ನಡುವೆ ಕಡಿಮೆ ಬಿದ್ದಾಗ ನಮಗೇ ಹಾಕುತ್ತಿದ್ದರು. ಕ್ಯಾನು ಖಾಲಿಯಾದ ಮೇಲೆ ದೊಡ್ಡ ಮೊಳೆ, ಸುತ್ತಿಗೆ ತಂದು ಹೊಟ್ಟೆಗೊಂದು ತಳಕ್ಕೊಂದು ತೂತು. ಅದನ್ನು ನನಗೆ ಸಹಿಸಲಾಗುತ್ತಿರಲಿಲ್ಲ. ಗಟ್ಟಿ ಕ್ಯಾನು, ಕೈಗೆ ಹಿಡಿ, ತಿರುಗಿಸುವ ಮುಚ್ಚಳ. ಕಣ್ಣೆದುರೇ ಹಾಳು ಮಾಡುವುದು.

"ಕುರಿಗೆ ಔಷಧಿ ನೀರು ಒಯ್ಯಾಕೆ ಒಂದು ಕೊಡ್ರಿ ಮೇಸ್ತ್ರೀ."

"ಕೊಡಲ್ಲ."

"ಆಯಿಲ್ ಕೊಂಡಿದ್ದು ನಾನು. ಕ್ಯಾನು ನಂದಲ್ವಾ?"

"ಕ್ಯಾನು ನಿಮ್ದೇ. ತೂತು ನಂದು. ಎರಡೂ ಒಯ್ಯಿರಿ."

ಖಾಲಿ ಕ್ಯಾನು ಕೈಬಿಟ್ಟರೆ ಹಳೆ ಸುಟ್ಟ ಆಯಿಲನ್ನು ಸೋಸಿ, ಬಣ್ಣ ಕೂಡಿಸಿ, ಅದರಲ್ಲೇ ತುಂಬಿ ಮಾರುವವರಿದ್ದಾರೆ ಎಂದು ಅವರು ಒಂದಲ್ಲ ಹತ್ತು ಸಲ ಹೇಳಿದರು. ನಾನು ನಂಬಲಿಲ್ಲ. ಒಂದು ಖಾಲಿ ಕ್ಯಾನಿಗೆ ಯಾರು ಅಷ್ಟು ಪಾಡು ಪಡುತ್ತಾರೆ? ಮುದುಕನಿಗೆ ಹಟ ಎಂದುಕೊಂಡೆ.

ಮಧ್ಯಾಹ್ನ ಅವರು ನಮಾಜಿಗೆ ಹೋಗುವಾಗ ಶೆಡ್ಡನ್ನು ನನಗೆ ಬಿಟ್ಟು ಹೋಗುತ್ತಿದ್ದರು. "ನೀವು ಅದೀರಲ್ಲ, ಬಾಗಿಲು ಯಾಕೆ ಎಳೀಲಿ" ಎನ್ನುವುದು. ಖಾಲಿಯಾದ ಕ್ಯಾನುಗಳು ತೂತಿಗೆ ಕಾಯುತ್ತಾ ಮೂಲೆಯಲ್ಲಿ ಸಾಲಾಗಿರುತ್ತಿದ್ದವು. ಹಾಗೆ ಒಂದು ದಿನ ನಮ್ಮ ನಂಬರಿನ ಕ್ಯಾನು ಎತ್ತಿ ಕಾರಿನ ಹಿಂದಿನ ಸೀಟಿನ ಕೆಳಗೆ ತಳ್ಳಿದೆ. ನಮ್ಮದನ್ನು ನಾನು ತೆಗೆದುಕೊಂಡೆ, ಕಳ್ಳತನ ಹೇಗಾಗುತ್ತದೆ? ಮುಂದಿನ ಸಲವೂ ತಂದೆ. ಅದರ ಮುಂದಿನ ಸಲವೂ. ಮೂರು ಕ್ಯಾನು ಆದವು. ಒಂದು ಕುರಿಯ ಔಷಧಿಗಾಯಿತು. ಎರಡು ಸುಮ್ಮನೆ ಇದ್ದವು.

ನಮ್ಮೂರಿಗೆ ಗುಜರಿಯವನೊಬ್ಬ ಬರುತ್ತಿದ್ದ. ಹಳೆ ಕಬ್ಬಿಣ, ಪ್ಲಾಸ್ಟಿಕ್ಕಿಗೆ ಬಕೆಟ್ಟು, ಕೊಡ ಕೊಡುವವನು. ಅವನಿಗೆ ಆ ಎರಡನ್ನು ತೋರಿಸಿದೆ. ಅವನು ಮುಚ್ಚಳ ತಿರುಗಿಸಿ ನೋಡಿದ, ಮೇಲಿನ ಚೀಟಿ ಹರಿದಿಲ್ಲವಲ್ಲ ಎಂದು ಬೆರಳಾಡಿಸಿದ. ಎರಡಕ್ಕೂ ಎರಡು ಹೊಸ ಕೊಡ ಕೊಟ್ಟ. ಹಳೆ ಹಿತ್ತಾಳೆ ಕೊಟ್ಟರೂ ಚೌಕಾಶಿ ಮಾಡುವವನು ಅಂದು ಒಂದು ಮಾತೂ ಎಳೆದಾಡಲಿಲ್ಲ. ಆಗಲೇ ನನಗೆ ಗೊತ್ತಾಗಬೇಕಿತ್ತು. ನಾನು ಕೊಡ ತುಂಬಿಸಿ ಅಕ್ಕಪಕ್ಕದವರಿಗೆ ತೋರಿಸಿದೆ.

ಎರಡು ತಿಂಗಳು ಕಳೆದಿರಬೇಕು. ಒಂದು ಗುರುವಾರ ಕಾರಿಗೆ ಆಯಿಲ್ ಬದಲಿಸಲು ಹೋಗಿದ್ದೆವು. ಕಾರಿನ ಮುಖ ಶೆಡ್ಡಿನ ಒಳಗೆ ಹಿಂದಿನ ಗೋಡೆಗೆ ಒತ್ತಿತ್ತು, ಹಿಂಭಾಗ ರಸ್ತೆಗೆ. ಹಳೆ ಆಯಿಲ್ ಇಳಿಯುತ್ತಿತ್ತು. ಸೊಸೆ ಪೇಟೆಗೆ ಹೋಗಿದ್ದಳು. ಮೂವರು ಗಂಡಸರು ದಡದಡನೆ ಒಳಗೆ ಬಂದರು. ಇಬ್ಬರು ಶಿಕಾರಿಪುರದ ಟ್ಯಾಕ್ಸಿ ಸ್ಟ್ಯಾಂಡಿನವರು, ಮುಖ ನೋಡಿ ಗೊತ್ತಿತ್ತು. ಮೂರನೆಯವನು ಸೊರಬದ ಡ್ರೈವರು, ನಲವತ್ತು ದಾಟಿರದ ಆಳು. ಅವನ ಕೈಯಲ್ಲಿ ಒಂದು ಕ್ಯಾನು.

"ಇದು ಎಂತದು ಮಾರಾಯ್ರೆ?" ಎಂದು ಅವನು ಕ್ಯಾನನ್ನು ನೆಲಕ್ಕೆ ಕುಕ್ಕಿದ. "ಆನವಟ್ಟಿಯಲ್ಲಿ ಬೈಕಿನ ಮೇಲೆ ಮಾರ್ತಿದ್ದ ಒಬ್ಬ. ಅಗ್ಗಕ್ಕೆ ಸಿಕ್ತು, ಕಂಪನಿ ಕ್ಯಾನು, ತಗೊಂಡು ನಾನೇ ಹಾಕ್ಕಂಡೆ. ಎಂಟು ದಿನ ಆಗಿಲ್ಲ. ಚಂದ್ರಗುತ್ತಿ ಏರಲ್ಲಿ ಗಾಡಿ ತುಂಬ ಜನ ಕೂತಿದ್ರು, ಇಂಜಿನ್ ಜಾಮ್. ಹಿಂದೆ ಜಾರ್ತು ಗಾಡಿ. ಕಲ್ಲಿಗೆ ತಾಗಿ ನಿಂತ್ಕಂತು. ನಿಂತಿಲ್ದಿದ್ರೆ?"

ಸ್ಟ್ಯಾಂಡಿನವರಲ್ಲಿ ದಪ್ಪನೆಯವನು ಕ್ಯಾನನ್ನು ಬೋರಲು ಹಾಕಿದ. ತಳದಲ್ಲಿ ಹಸಿರು ಪೇಂಟು.

"ಮೇಸ್ತ್ರಿ, ಈ ತಾಲ್ಲೂಕಿನಾಗೆ ಹಸಿರು ಪೇಂಟು ಬರೆಯೋನು ನೀನೊಬ್ನೇ. ಊರಿಗೆಲ್ಲ ತೂತಿನ ಪುರಾಣ ಹೇಳ್ತೀಯ. ಇದಕ್ಕೆ ತೂತು ಎಲ್ಲೈತಿ?"

ತಳದ ನಂಬರು ನಾನಿದ್ದಲ್ಲಿಂದಲೂ ಕಾಣುತ್ತಿತ್ತು. ಅದೇ ನಂಬರು ನನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ, ಕಾರಿನ ಹಿಂದಿನ ಪ್ಲೇಟಿನ ಮೇಲಿತ್ತು. ಅವರಲ್ಲಿ ಯಾರಾದರೂ ತಲೆ ತಿರುಗಿಸಿದರೆ ಸಾಕು.

ನಾನು ಎದ್ದೆ. ಏನೂ ಆಗದವಳ ಹಾಗೆ ಹಿಂದೆ ಸರಿದು ಆ ನಂಬರ್ ಪ್ಲೇಟಿಗೆ ಬೆನ್ನು ಕೊಟ್ಟು ನಿಂತೆ. ಸೆರಗನ್ನು ಸೊಂಟದ ಎರಡೂ ಕಡೆ ಅಗಲವಾಗಿ ಎಳೆದುಕೊಂಡೆ. ಕಾರಿನ ತಗಡಿನ ಬಿಸಿ ಸೀರೆಯ ಮೂಲಕ ತಾಗುತ್ತಿತ್ತು.

ಮೇಸ್ತ್ರಿ ಕ್ಯಾನನ್ನು ಕೈಗೆ ತೆಗೆದುಕೊಂಡರು. ನಂಬರು ಓದಿದರು. ತಲೆ ಎತ್ತಿ ನನ್ನ ಕಾಲನ್ನು ನೋಡಿದರು, ಸೆರಗನ್ನು ನೋಡಿದರು. ಮುಖ ನೋಡಲಿಲ್ಲ.

"ಬರಹ ನಂದೇ" ಎಂದರು.

"ಯಾರ ಗಾಡಿ ನಂಬರಿದು?"

"ನನ್ನ ಗಿರಾಕಿದು."

"ಹೆಸರು ಹೇಳು. ಈಗ್ಲೇ ಹೋಗಿ ಕೇಳಾಣ."

"ಹೇಳಲ್ಲ."

"ಹಂಗಾದ್ರೆ ಖಾಲಿ ಕ್ಯಾನು ನೀನೇ ಮಾರ್ಕೊಂಡಿದೀಯ."

"ನಾನು ಮಾರಿಲ್ಲ. ಆದ್ರೆ ತೂತು ಹಾಕೋದು ನನ್ನ ಕೆಲಸ. ಬಿದ್ದಿಲ್ಲ ಅಂದ್ರೆ ನಂದೇ ತಪ್ಪು."

ಸೊರಬದವನು ಅವರ ಅಂಗಿಯ ಕಾಲರಿಗೆ ಕೈ ಹಾಕಿದ. ದಪ್ಪನೆಯವನು ಬಿಡಿಸಿದ. "ಕೈ ಮಾಡಬ್ಯಾಡ. ಸೋಮವಾರ ಬೆಳಗ್ಗೆ ಸ್ಟ್ಯಾಂಡಿನಾಗೆ ಎಲ್ಲರೂ ಕೂತು ಮಾತಾಡಾಣ. ಮೇಸ್ತ್ರಿ, ನೀನು ಬರ್ಬೇಕು, ಆ ಗಿರಾಕಿ ಹೆಸರು ಹೇಳ್ಬೇಕು. ಹೇಳಲಿಲ್ಲ ಅಂದ್ರೆ ಸ್ಟ್ಯಾಂಡಿನ ಒಂದು ಗಾಡಿನೂ ಇನ್ನು ನಿನ್ನ ಶೆಡ್ಡಿಗೆ ಬರಲ್ಲ. ಅಲ್ಲೀವರೆಗೂ ಬರಲ್ಲ" ಎಂದ.

ಹೋಗುವಾಗ ಸೊರಬದವನು ನನ್ನ ಕಡೆ ತಿರುಗಿ, "ಅಜ್ಜೀ, ನೀವೂ ಹುಷಾರು. ಇಲ್ಲಿ ಹಾಕೋ ಆಯಿಲು ಎಂತದೋ ಯಾರಿಗೆ ಗೊತ್ತು" ಎಂದ. ನಾನು ತಲೆಯಾಡಿಸಿದೆ. ಹೌದು, ತಲೆಯಾಡಿಸಿದೆ.

ಅವರು ಹೋದ ಮೇಲೆ ಮೇಸ್ತ್ರಿ ಕೆಲಸ ಮುಂದುವರಿಸಿದರು. ಹನಿ ನಿಂತಿತು. ಬೋಲ್ಟು ಬಿಗಿ ಮಾಡಿದರು. ಹೊಸ ಕ್ಯಾನನ್ನು ಎಂದಿನಂತೆ ನನ್ನ ಕೈಗೆ ಕೊಟ್ಟರು. ಮುಚ್ಚಳ ತಿರುಗಿಸಲು ನನ್ನ ಬೆರಳಿಗೆ ಆಗಲಿಲ್ಲ. ಅವರು ಕಾದರು, ತೆಗೆಯಲಿಲ್ಲ. ಸೆರಗಿನಲ್ಲಿ ಹಿಡಿದು ತಿರುಗಿಸಿದೆ. ಒಂದು ಬೈಗುಳವಾದರೂ ಬರಲಿ ಎಂದು ಕಾದೆ. ಬರಲಿಲ್ಲ. ಸೊಸೆ ವಾಪಸು ಬಂದು, "ಯಾಕತ್ತೆ, ಇಷ್ಟು ಬೆವರಿದೀರ?" ಎಂದಳು. ಶೆಕೆ ಎಂದೆ.

ಮನೆಗೆ ಬಂದು ಮೊದಲು ಮಾಡಿದ್ದು ಉಳಿದ ಮೂರನೇ ಕ್ಯಾನು ಹುಡುಕಿದ್ದು. ಕುರಿಹಟ್ಟಿಯ ಗೂಟಕ್ಕೆ ತೂಗುಹಾಕಿತ್ತು, ಅರ್ಧ ಔಷಧಿ ನೀರಿತ್ತು. ಅದನ್ನು ಸುರಿಯುವಷ್ಟೂ ತಾಳ್ಮೆ ಇರಲಿಲ್ಲ. ಕುಡುಗೋಲಿನ ತುದಿಯಿಂದ ಹೊಟ್ಟೆಗೆ ತಿವಿದೆ. ನೀರೆಲ್ಲ ಪಾದದ ಮೇಲೆ ಸುರಿಯಿತು. ಮಗ ನೋಡಿ, "ತಲೆ ಕೆಟ್ಟೈತೇನವ್ವಾ ನಿಂಗೆ?" ಎಂದ.

ಶುಕ್ರವಾರ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ಗಂಡಸರು, ಮಾತಾಡಿ ಬಗೆಹರಿಸಿಕೊಳ್ಳುತ್ತಾರೆ. ನಾನು ಕೊಟ್ಟದ್ದು ಖಾಲಿ ಕ್ಯಾನು, ಅದರೊಳಗೆ ಕೊಳಕು ತುಂಬಿದವನು ಬೇರೆ. ಸೊರಬದವನಾದರೂ ಬೈಕಿನ ಮೇಲಿನದ್ದನ್ನು ಯಾಕೆ ಕೊಂಡ? ಎಲ್ಲವೂ ನಿಜವೇ. ಆದರೂ ಆ ಹೊಸ ಕೊಡಗಳನ್ನು ಮೂಲೆಗೆ ಬೋರಲು ಹಾಕಿ ಹಳೆಯದರಲ್ಲೇ ನೀರು ತಂದೆ.

ಶನಿವಾರ ಗುಜರಿಯವನು ಬಂದ. ಬೀದಿಯಲ್ಲೇ ತಡೆದೆ.

"ಆ ಎರಡು ಕ್ಯಾನು ಯಾರಿಗೆ ಕೊಟ್ಟೆ?"

"ನನಗೇನು ನೆನಪಿರ್ತೈತಿ ಅಜ್ಜಿ? ದಿನಕ್ಕೆ ನೂರು ಸಾಮಾನು."

"ಚೀಟಿ ಸವರಿ ನೋಡಿದ್ಯಲ್ಲ, ಅದು ನೆನಪೈತಾ?"

ಅವನು ಸೈಕಲ್ಲು ತಿರುಗಿಸಿದ. "ಕೊಡ ಇಸ್ಕೊಳ್ಳೋವಾಗ ನೀವು ಕೇಳಿದ್ರಾ, ಯಾಕೆ ಇಷ್ಟು ಕೊಡ್ತೀಯ ಅಂತ? ಇಲ್ವಲ್ಲ." ಹೋದವನು ಮತ್ತೆ ನಮ್ಮೂರಿಗೆ ಬರಲಿಲ್ಲ.

ಅಂದು ಸಂಜೆ ಸೊಸೆ ಸೊರಬದಿಂದ ಬಂದವಳು ಬ್ಯಾಗನ್ನು ಇಳಿಸದೆ ಮಾತಾಡಿದಳು. "ಮೇಸ್ತ್ರಿ ಕಾಕಾನ ಶೆಡ್ಡಲ್ಲಿ ಒಂದು ಗಾಡಿನೂ ಇಲ್ಲ ಅತ್ತೆ. ಒಬ್ರೇ ಕೂತಿದ್ರು. ಹಾರ್ನ್ ಹಾಕಿದೆ, ಎದ್ದು ಬಂದ್ರು. ಮುಂದಿನ ಸಲ ಆಯಿಲ್ ಬೇರೆ ಕಡೆ ಹಾಕಿಸ್ರಿ, ನಂಬರು ಮರೀಬ್ಯಾಡ್ರಿ ಅಂದ್ರು. ಯಾಕೆ ಅಂದ್ರೆ ಹೇಳ್ಲಿಲ್ಲ. ದಾರೀಲಿ ಜನ ಏನೇನೋ ಅಂತಾರೆ. ಕಾಕಾ ಖಾಲಿ ಕ್ಯಾನು ಮಾರ್ಕೊಂಡ್ರಂತೆ. ನೀವು ನಂಬ್ತೀರಾ?"

ನಾನು ಒಲೆಯ ಮುಂದೆ ಬಗ್ಗಿ ಊದಿದೆ. ಉರಿ ಚೆನ್ನಾಗಿಯೇ ಇತ್ತು.

ಭಾನುವಾರ ಮಧ್ಯಾಹ್ನ ಅವಳು ಜೋಳ ಕೇರುತ್ತಿದ್ದಳು. ಎದುರಿಗೆ ಕೂತು ಹೇಳಿಬಿಟ್ಟೆ. ಕ್ಯಾನು, ಗುಜರಿ, ಕೊಡ, ಸೆರಗು, ಎಲ್ಲ. ಅವಳ ಕೈಯ ಮೊರ ನಿಂತಿತು. ಅವಳು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಮೆತ್ತಗೆ ಕೇಳಿದಳು.

"ಕತ್ತಲಲ್ಲಿ ಒಬ್ಳೇ ಸೊರಬಕ್ಕೆ ಹೋಗ್ತೀನಿ ಅತ್ತೆ ನಾನು. ಆ ಕ್ಯಾನು ತುಂಬ್ಕೊಂಡು ನಮ್ಮ ಕಾರಿಗೇ ಬಂದಿದ್ರೆ?"

"ಮೇಸ್ತ್ರಿ ಇದ್ರಲ್ಲ, ಬರಾಕೆ ಬಿಡ್ತಿರಲಿಲ್ಲ."

"ಅದನ್ನೇ ನಾಳೆ ಸ್ಟ್ಯಾಂಡಲ್ಲಿ ಹೇಳಿ. ನಾನು ರಜೆ ಹಾಕ್ತೀನಿ. ನೀವು ಬಾಯಿ ಬಿಡಲಿಲ್ಲ ಅಂದ್ರೆ ನಾನು ಬಿಡ್ತೀನಿ."

ಹಾಗಾಗಿ ನಾನು ಸ್ವಂತ ಕಾಲಲ್ಲಿ ಹೋದೆ ಎಂದು ಯಾರಾದರೂ ಹೊಗಳಿದರೆ ಅದು ಸುಳ್ಳು. ಸೊಸೆ ಕರೆದುಕೊಂಡು ಹೋದಳು.

ಸ್ಟ್ಯಾಂಡಿನಲ್ಲಿ ಹದಿನೈದಿಪ್ಪತ್ತು ಜನ ಸೇರಿದ್ದರು. ಮೇಸ್ತ್ರಿ ಒಗೆದ ಬಿಳಿ ಅಂಗಿ ಹಾಕಿಕೊಂಡು ಕಟ್ಟೆಯ ಅಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ದಪ್ಪನೆಯವನು ಕ್ಯಾನನ್ನು ಒಂದು ಕಾರಿನ ಬಾನೆಟ್ಟಿನ ಮೇಲೆ ಬೋರಲು ಇಟ್ಟಿದ್ದ.

"ಕೊನೇ ಸಲ ಕೇಳ್ತೀವಿ ಮೇಸ್ತ್ರಿ. ಯಾರು?"

ಅವರು ಕ್ಯಾನನ್ನು ನೋಡುತ್ತಾ ಕೂತರು. ಒಬ್ಬ, "ಇನ್ನೇನು ಕಾಯೋದು, ನಡೀರಿ" ಎಂದ. ಜನ ಎದ್ದರು. ಸೊಸೆ ಒಂದು ಹೆಜ್ಜೆ ಮುಂದಿಟ್ಟಳು. ಅವಳ ತೋಳು ಹಿಡಿದು ಹಿಂದಕ್ಕೆ ಎಳೆದೆ.

"ಅದು ನಮ್ಮ ಕಾರಿನ ನಂಬರು" ಎಂದೆ.

ಎಲ್ಲರೂ ತಿರುಗಿದರು. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಮೇಸ್ತ್ರಿ ನಮಾಜಿಗೆ ಹೋದಾಗ ಕದ್ದು ಒಯ್ದೆ. ಕದ್ದೇ ಒಯ್ದೆ. ಗುಜರಿಯವನಿಗೆ ಕೊಟ್ಟು ಕೊಡ ಇಸ್ಕೊಂಡೆ. ಗುರುವಾರ ನೀವು ಬಂದಾಗ ನಂಬರ್ ಪ್ಲೇಟಿಗೆ ಅಡ್ಡ ನಿಂತಿದ್ದೆ. ಅವ್ರಿಗೆ ಗೊತ್ತಿತ್ತು. ಹೇಳ್ಲಿಲ್ಲ."

ಸೊರಬದವನು ನನ್ನೆದುರಿಗೆ ಬಂದ. "ಎರಡು ಕೊಡಕ್ಕೆ ನನ್ನ ಇಂಜಿನ್ ತೆಗೆದ್ರಲ್ಲ ಅಜ್ಜಿ! ಗಾಡೀಲಿ ಒಂದು ಬಾಣಂತಿ ಇದ್ಲು, ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಯಾರೋ ಹಿಂದಿನಿಂದ, "ಮುದುಕಿಗೆ ಏನು ಮಾಡಾಕಾಗ್ತೈತಿ ಬಿಡ್ರೋ" ಎಂದ. ಅದು ಕಾಲರಿಗೆ ಕೈ ಹಾಕಿದ್ದಕ್ಕಿಂತ ಕೆಟ್ಟದಾಗಿತ್ತು.

"ಎರಡು ಟಗರು ಕೊಡ್ತೀನಿ" ಎಂದೆ. "ನಾಳೆನೇ ಹಟ್ಟಿಗೆ ಬಂದು ಬೇಕಾದ್ದು ಹಿಡ್ಕೊಂಡು ಹೋಗು."

"ಟಗರು ಕಟ್ಟಿದ್ರೆ ಗಾಡಿ ಓಡ್ತದಾ?"

"ಓಡಲ್ಲ. ಮಾರಿದ್ರೆ ಓಡ್ತದೆ."

ಒಬ್ಬಿಬ್ಬರು ನಕ್ಕರು. ಅವನು ನಗಲಿಲ್ಲ. ಆದರೆ ಮರುದಿನ ಬಂದು ಹಟ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಎರಡನ್ನೇ ಆರಿಸಿ ಹಿಡಿದುಕೊಂಡು ಹೋದ. ಕಣ್ಣಿರುವವನು.

ದಪ್ಪನೆಯವನು ಮೇಸ್ತ್ರಿಯ ಮುಂದೆ ನಿಂತು ಕೈ ಮುಗಿಯಲೋ ಬೇಡವೋ ಎಂಬಂತೆ ಎತ್ತಿದ. ಮೇಸ್ತ್ರಿ ಅವನ ಕೈಯನ್ನು ನೋಡಲಿಲ್ಲ. ಸೊರಬದವನಿಗೆ, "ಗಾಡಿ ಎಳಕೊಂಡು ಬಂದೀಯಾ? ನಡಿ, ಬಿಚ್ಚಿ ನೋಡ್ತೀನಿ. ನನ್ನ ಕೈಕೂಲಿ ಬ್ಯಾಡ" ಎಂದು ಎದ್ದರು.

ಗಾಡಿ ಶೆಡ್ಡಿನ ಮುಂದೆಯೇ ಇತ್ತು. ಅವರು ಬಿಳಿ ಅಂಗಿ ಕಳಚಿ ಮೊಳೆಗೆ ಹಾಕಿ, ಗೋಣಿ ಹಾಸಿಕೊಂಡು ಕೆಳಗೆ ಹೋದರು. ಸೊರಬದವನು ಚಹಾ ಕುಡಿಯಲು ಹೋದ. ಸೊಸೆ ಕಾರಿನಲ್ಲಿ ಕೂತಿದ್ದಳು, ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ಶೆಡ್ಡಿನ ಹೊರಗೆ ನಿಂತಿದ್ದೆ. ಒಳಗೆ ಕಾಲಿಡಲು ಮನಸ್ಸು ಬರಲಿಲ್ಲ. ನನಗೆ ಕಾಣುತ್ತಿದ್ದದ್ದು ಅವರ ಎರಡು ಪಾದ.

"ನಾಲ್ಕು ದಿನ ಬೇಕಾತೇನ್ರೀ?" ಎಂದರು ಕೆಳಗಿನಿಂದ.

ಏನೇನೋ ಹೇಳಬಹುದಿತ್ತು.

"ಬೇಕಾತು" ಎಂದೆ.

ನನಗೂ ಒಂದು ಕೇಳುವುದಿತ್ತು. "ನೀವು ಯಾಕೆ ಹೇಳ್ಲಿಲ್ಲ?"

"ಹೇಳೋ ಮಾತು ನಿಮ್ದಿತ್ತು. ನಂದಲ್ಲ."

ಅದಾದ ಮೇಲೂ ಅವರು ಬದುಕಿರುವವರೆಗೆ ನಮ್ಮ ಕಾರಿಗೆ ಅವರೇ ಆಯಿಲ್ ಹಾಕಿದರು. ನಮಾಜಿಗೆ ಹೋಗುವಾಗ ಮಾತ್ರ ಬಾಗಿಲೆಳೆದು ಬೀಗ ಹಾಕುತ್ತಿದ್ದರು. ನಾನು ಬಿಸಿಲಲ್ಲಿ ನಿಂತು ಕಾಯುತ್ತಿದ್ದೆ. ಕ್ಷಮಿಸಿದರಾ ಎಂದು ನಾನು ಕೇಳಲಿಲ್ಲ. ಆ ಸೋಮವಾರ ಮಾತು ಮುಗಿದ ಮೇಲೆ ಗಾಡಿಯ ಅಡಿಯಿಂದ ಅವರ ಎಡಗೈ ಹೊರಗೆ ಬಂತು, ಬೆರಳು ಚಾಚಿ.

"ಹದಿನಾಲ್ಕರ ಪಾನ ಕೊಡ್ರಿ."

ಶೆಡ್ಡಿನ ಒಳಗೆ ಹೋದೆ. ಸಾಮಾನಿನ ಪೆಟ್ಟಿಗೆಯಲ್ಲಿ ಬೋಲ್ಟು ತಿರುಗಿಸುವ ಹತ್ತಾರು ಪಾನಗಳಿದ್ದವು. ಒಂದೊಂದನ್ನೇ ಬೆಳಕಿಗೆ ಹಿಡಿದು ನಂಬರು ಓದಿದೆ. ಹದಿನಾಲ್ಕು ಸಿಕ್ಕಿತು. ಸೆರಗಲ್ಲಿ ಒರೆಸಿ ಅವರ ಅಂಗೈ ಮೇಲಿಟ್ಟೆ. ಕೈ ಅದನ್ನು ಹಿಡಿದುಕೊಂಡು ಒಳಗೆ ಹೋಯಿತು.